ಮೈಸೂರಿನಲ್ಲಿ ಆರೋಪಿಗಳ ಹಕ್ಕುಗಳು: ಕಾನೂನು, ತೀರ್ಪು, ಆಚರಣೆ

ಅಪರಾಧದ ಆರೋಪ ಹೊತ್ತ ವ್ಯಕ್ತಿಗೆ ಬಂಧನದ ಕ್ಷಣದಿಂದ ಕಡೆಯ ತೀರ್ಪಿನವರೆಗೆ ಸಂವಿಧಾನ, ಕಾಯಿದೆ ಮತ್ತು ಮೇಲಿನ ನ್ಯಾಯಾಲಯಗಳ ತೀರ್ಪುಗಳು ನೀಡಿರುವ ರಕ್ಷಣೆಗಳನ್ನು ಒಟ್ಟಾಗಿ ಆರೋಪಿಯ ಹಕ್ಕುಗಳು ಎನ್ನಲಾಗುತ್ತದೆ. ಬಂಧನದ ಕಾರಣ ತಿಳಿಯುವುದು, ವಕೀಲರ ನೆರವು ಪಡೆಯುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯದಿರುವುದು, ಜಾಮೀನು ಕೇಳುವುದು, ವಿಳಂಬವಿಲ್ಲದ ವಿಚಾರಣೆ ಪಡೆಯುವುದು, ಆರೋಪ ಸಾಬೀತಾಗುವವರೆಗೆ ನಿರಪರಾಧಿ ಎಂದೇ ಪರಿಗಣಿಸಲ್ಪಡುವುದು ಇವುಗಳಲ್ಲಿ ಮುಖ್ಯವಾದವು.

ಈ ಹಕ್ಕುಗಳ ಚರಿತ್ರೆಯಲ್ಲಿ ಮೈಸೂರು ನಗರಕ್ಕೆ ವಿಶೇಷ ಸ್ಥಾನವಿದೆ. ಕಾಡುಗಳ್ಳ ವೀರಪ್ಪನ್ ಸಹಚರರೆಂದು ಬಂಧಿತರಾದವರ ಮೇಲೆ ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾಯಿದೆಯಡಿ ಹೂಡಿದ ಮೊಕದ್ದಮೆಗಳು ನಡೆದದ್ದು ಇಲ್ಲಿಯ ವಿಶೇಷ ನ್ಯಾಯಾಲಯದಲ್ಲಿ. ಮೊಕದ್ದಮೆ ಹಿಂಪಡೆಯುವ ಸರ್ಕಾರದ ಅಧಿಕಾರಕ್ಕೆ ಸುಪ್ರೀಂ ಕೋರ್ಟ್ 2000ದಲ್ಲಿ ಹಾಕಿದ ಮಿತಿ ಆ ಮೊಕದ್ದಮೆಗಳಿಂದಲೇ ಹುಟ್ಟಿತು. 2020ರಲ್ಲಿ ಆರೋಪಿಯ ಪರ ವಕಾಲತ್ತು ಹಾಕಬಾರದೆಂಬ ವಕೀಲರ ಸಂಘದ ನಿರ್ಣಯ ಇಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. 2025ರಲ್ಲಿ, ಬದುಕಿದ್ದ ಹೆಂಡತಿಯನ್ನು ಕೊಂದ ಆರೋಪ ಹೊತ್ತು ಜೈಲು ಕಂಡ ವ್ಯಕ್ತಿಯನ್ನು ಇಲ್ಲಿಯ ಸೆಷನ್ಸ್ ನ್ಯಾಯಾಲಯ ಗೌರವಪೂರ್ವಕವಾಗಿ ಬಿಡುಗಡೆ ಮಾಡಿತು. ದೆಹಲಿ ಮತ್ತು ಬೆಂಗಳೂರಿನಲ್ಲಿ ಬರೆಯಲಾಗುವ ತೀರ್ಪುಗಳು ಠಾಣೆಯಲ್ಲಿ, ರಿಮ್ಯಾಂಡ್ ಕೋರ್ಟಿನಲ್ಲಿ, ವಿಚಾರಣಾ ನ್ಯಾಯಾಲಯದಲ್ಲಿ ಪಾಲನೆಯಾದಾಗ ಮಾತ್ರ ಹಕ್ಕಾಗುತ್ತವೆ ಎಂಬುದನ್ನು ಮೈಸೂರಿನ ಅನುಭವ ಸ್ಪಷ್ಟವಾಗಿ ತೋರಿಸುತ್ತದೆ.

ಹಿನ್ನೆಲೆ

1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಒಡೆಯರ್ ಮನೆತನಕ್ಕೆ ಮರಳಿದ ಮೇಲೆ, 1884ರಲ್ಲಿ ಮೈಸೂರು ಮುಖ್ಯ ನ್ಯಾಯಾಲಯ ಸ್ಥಾಪನೆಯಾಯಿತು. 1930ರಲ್ಲಿ ಅದಕ್ಕೆ ಮೈಸೂರು ಹೈಕೋರ್ಟ್ ಎಂಬ ಹೆಸರು ಬಂತು. ಸಂಸ್ಥಾನದ ರಾಜಧಾನಿ ಮೈಸೂರಾದರೂ ಉಚ್ಚ ನ್ಯಾಯಾಲಯ ಕಲಾಪ ನಡೆಸಿದ್ದು ಬೆಂಗಳೂರಿನಲ್ಲಿ. ಅಪರಾಧ ಮತ್ತು ವಿಚಾರಣಾ ಕ್ರಮದ ನಿಯಮಗಳು ಬ್ರಿಟಿಷ್ ಇಂಡಿಯಾದ ಕಾಯಿದೆಗಳ ಮಾದರಿಯಲ್ಲಿದ್ದವು. ವಿಚಾರಣೆಯ ಕ್ರಮ ಇತ್ತು, ಮೇಲ್ಮನವಿ ಇತ್ತು, ಕ್ಷಮಾದಾನದ ಅಧಿಕಾರ ಮಹಾರಾಜರಲ್ಲಿತ್ತು. ಆದರೆ ಸರ್ಕಾರದ ವಿರುದ್ಧವೇ ನ್ಯಾಯಾಲಯದಲ್ಲಿ ಎತ್ತಿಹಿಡಿಯಬಲ್ಲ ಮೂಲಭೂತ ಹಕ್ಕು ಪ್ರಜೆಗೆ ಇರಲಿಲ್ಲ. ಆ ಬದಲಾವಣೆ ಬಂದದ್ದು 1950ರ ಜನವರಿ 26ರಂದು, ಸಂವಿಧಾನದೊಂದಿಗೆ. ಮೈಸೂರು ಹೈಕೋರ್ಟ್ 1973ರಲ್ಲಿ ಕರ್ನಾಟಕ ಹೈಕೋರ್ಟ್ ಆಯಿತು.

ಇಂದು ನಗರದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯಗಳು ಹಾಗೂ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ಚಾಮರಾಜಪುರಂನ ಹಳೆಯ ಸಂಕೀರ್ಣ ಮತ್ತು ಜಯನಗರದ ಮಳಲವಾಡಿಯ ಹೊಸ ಸಂಕೀರ್ಣದೊಂದಿಗೆ ಗುರುತಿಸಿಕೊಂಡಿವೆ. ಹೈಕೋರ್ಟಿನ ಪೀಠಗಳು ಬೆಂಗಳೂರು, ಧಾರವಾಡ ಮತ್ತು ಕಲಬುರಗಿಯಲ್ಲಿರುವುದರಿಂದ ಮೈಸೂರಿನ ಆರೋಪಿ ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕು. ಆ ದಾರಿಯ ಖರ್ಚನ್ನೇ ಭರಿಸಲಾರದವರಿಗೆ ವಿಚಾರಣಾ ನ್ಯಾಯಾಲಯವೇ ಬಹುಪಾಲು ಮೊದಲ ಮತ್ತು ಕೊನೆಯ ಆಸರೆ.

ಸಂವಿಧಾನದ ರಕ್ಷಣೆಗಳು

ಆರೋಪಿಯ ಹಕ್ಕುಗಳಿಗೆ ಮೂರು ಅನುಚ್ಛೇದಗಳು ಬುನಾದಿ. 20ನೇ ಅನುಚ್ಛೇದದ ಪ್ರಕಾರ, ಮಾಡಿದ ಹೊತ್ತಿಗೆ ಅಪರಾಧವಲ್ಲದ ಕೃತ್ಯಕ್ಕೆ ನಂತರ ಬಂದ ಕಾನೂನಿನಡಿ ಶಿಕ್ಷಿಸುವಂತಿಲ್ಲ, ಒಂದೇ ಅಪರಾಧಕ್ಕೆ ಎರಡು ಬಾರಿ ದಂಡಿಸುವಂತಿಲ್ಲ, ತನ್ನ ವಿರುದ್ಧ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. 21ನೇ ಅನುಚ್ಛೇದ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುತ್ತದೆ. 22ನೇ ಅನುಚ್ಛೇದ ಬಂಧನದ ಕಾರಣ ತಿಳಿಸಬೇಕು, ಇಷ್ಟದ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. 1976ರ 42ನೇ ತಿದ್ದುಪಡಿ ಸೇರಿಸಿದ 39ಎ ಅನುಚ್ಛೇದ ಬಡವರಿಗೆ ಉಚಿತ ಕಾನೂನು ನೆರವು ನೀಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು.

21ನೇ ಅನುಚ್ಛೇದದ ಕೆಲವೇ ಪದಗಳಿಂದ ಸುಪ್ರೀಂ ಕೋರ್ಟ್ ಹಲವು ಹಕ್ಕುಗಳನ್ನು ಬಿಡಿಸಿ ತೋರಿಸಿದೆ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಶೀಘ್ರ ವಿಚಾರಣೆಯೂ, 1981ರ ಖತ್ರಿ ಪ್ರಕರಣದಲ್ಲಿ ಮೊದಲ ಹಾಜರಾತಿಯಿಂದಲೇ ಉಚಿತ ವಕೀಲರೂ ಈ ಹಕ್ಕಿನ ಭಾಗವೆಂದಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. ಪೊಲೀಸರು ಆರೋಪಿಯ ಮೊಬೈಲ್ ಕೈಗೆತ್ತಿಕೊಂಡಾಗ ಏಳುವ ಪ್ರಶ್ನೆಗಳನ್ನು ಇಂದು ಈ ತೀರ್ಪಿನ ಬೆಳಕಿನಲ್ಲಿಯೇ ನೋಡಲಾಗುತ್ತದೆ.

ಬಂಧನದ ನಿಯಮಗಳು

ಬಂಧಿಸುವ ಅಧಿಕಾರ ಇದೆ ಎಂಬುದೊಂದೇ ಬಂಧನಕ್ಕೆ ಕಾರಣವಾಗಲಾರದು ಎಂದು 1994ರ ಜೋಗಿಂದರ್ ಕುಮಾರ್ ತೀರ್ಪು ಹೇಳಿತು. 1996ರ ಡಿಸೆಂಬರ್ 18ರಂದು ಬಂದ ಡಿ.ಕೆ. ಬಸು ತೀರ್ಪು 11 ನಿಯಮಗಳನ್ನು ಪಟ್ಟಿ ಮಾಡಿತು. ಬಂಧಿಸುವ ಅಧಿಕಾರಿ ಹೆಸರಿನ ಪಟ್ಟಿ ಧರಿಸಿರಬೇಕು. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಇರಬೇಕು. ಮನೆಯವರಿಗೆ ಸುದ್ದಿ ತಲುಪಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. ಕೊಲೆ, ದರೋಡೆಗಳಿಗಿಂತ ಹೆಚ್ಚಾಗಿ ಸಣ್ಣಪುಟ್ಟ ಪ್ರಕರಣಗಳಲ್ಲಿ ಬಡವರ ಮೈಮೇಲೆ ಬೀಳುವ ಲಾಠಿಗೆ ಕಡಿವಾಣ ಹಾಕಿದ್ದು ಈ ತೀರ್ಪಿನ ಹಿರಿಮೆ.

2014ರ ಜುಲೈ 2ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ತಕ್ಷಣ ಬಂಧಿಸುವಂತಿಲ್ಲ. ಬಂಧನ ಏಕೆ ಬೇಕೆಂದು ತನಿಖಾಧಿಕಾರಿ ಬರೆದಿಡಬೇಕು. ಇಲ್ಲವಾದರೆ ಹಾಜರಾಗಲು ನೋಟಿಸ್ ಕೊಡಬೇಕು. ಕಾರಣಗಳನ್ನು ಪರಿಶೀಲಿಸದೆ ರಿಮ್ಯಾಂಡ್‌ಗೆ ಸಹಿ ಹಾಕುವ ಮ್ಯಾಜಿಸ್ಟ್ರೇಟರೂ ಇಲಾಖಾ ಕ್ರಮಕ್ಕೆ ಗುರಿಯಾಗಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಈ ನೋಟಿಸ್ ಪದ್ಧತಿಯನ್ನು ಉಳಿಸಿಕೊಂಡಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ವರ್ಷ ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಕನಿಷ್ಠ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕೆಂಬ ಹೊಸ ರಕ್ಷಣೆಯನ್ನೂ ಸೇರಿಸಿದೆ. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು 38ನೇ ಕಲಂನಲ್ಲಿದೆ. ಆದರೆ ವಿಚಾರಣೆ ಮುಗಿಯುವವರೆಗೂ ವಕೀಲರು ಪಕ್ಕದಲ್ಲೇ ಕೂರುವ ಹಕ್ಕು ಅದಲ್ಲ.

ಬಂಧನದ ಕಾರಣಗಳನ್ನು ಬರಹದಲ್ಲಿಯೇ ಕೊಡಬೇಕೆಂಬ ನಿಯಮ ಇತ್ತೀಚಿನ ವರ್ಷಗಳಲ್ಲಿ ಗಟ್ಟಿಯಾಯಿತು. 2023ರ ಪಂಕಜ್ ಬನ್ಸಲ್ ತೀರ್ಪು ಅಕ್ರಮ ಹಣ ವರ್ಗಾವಣೆ ಪ್ರಕರಣಗಳಲ್ಲಿ, 2024ರ ಪ್ರಬೀರ್ ಪುರಕಾಯಸ್ಥ ತೀರ್ಪು ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ (ಯುಎಪಿಎ) ಪ್ರಕರಣಗಳಲ್ಲಿ ಅದನ್ನು ಕಡ್ಡಾಯ ಮಾಡಿದವು. 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಎಲ್ಲ ಅಪರಾಧಗಳಿಗೂ ಅದನ್ನು ವಿಸ್ತರಿಸಿತು. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕಾರಣಗಳಿರಬೇಕು. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ, ರಿಮ್ಯಾಂಡ್‌ಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳ ನಿವಾಸಿಗಳಿಗೆ, ನಗರಕ್ಕೆ ಕೂಲಿಗೆ ಬಂದ ಬಿಹಾರ, ಒಡಿಶಾದ ಕಾರ್ಮಿಕರಿಗೆ ಈ ನಿಯಮದ ಬೆಲೆ ದೊಡ್ಡದು. ತಾನು ಓದಲಾಗದ ಕಾಗದಕ್ಕೆ ಸಹಿ ಹಾಕಿದವನಿಗೆ ತನ್ನ ಮೇಲಿರುವ ಆರೋಪವೇ ತಿಳಿದಿರುವುದಿಲ್ಲ.

ಕೈಕೋಳದ ಬಗ್ಗೆ 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪು ಕಟ್ಟುನಿಟ್ಟಾಗಿದೆ. ಓಡಿಹೋಗುವ ನಿಜವಾದ ಅಪಾಯವಿಲ್ಲದೆ ಕೋಳ ತೊಡಿಸುವುದು ಅಮಾನವೀಯ ಎಂದು ಅದು ಹೇಳಿತು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ಜೂನ್‌ನಲ್ಲಿ ಚಿಕ್ಕೋಡಿಯ ಕಾನೂನು ವಿದ್ಯಾರ್ಥಿಯೊಬ್ಬರಿಗೆ ಕೋಳ ತೊಡಿಸಿ ಬೀದಿಯಲ್ಲಿ ನಡೆಸಿದ ಪ್ರಕರಣದಲ್ಲಿ 2 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು, ಬಂಧಿಸುವ ಪೊಲೀಸರಿಗೆ ದೇಹಕ್ಕೆ ತೊಡುವ ಕ್ಯಾಮೆರಾ ಒದಗಿಸುವಂತೆಯೂ ಸೂಚಿಸಿತು. ಹೊಸ ಸಂಹಿತೆಯ 43ನೇ ಕಲಂ ಗಂಭೀರ ಅಪರಾಧಗಳ ಪಟ್ಟಿಯೊಂದಕ್ಕೆ ಕೋಳ ಬಳಸಲು ಅವಕಾಶ ಕೊಟ್ಟಿದೆ. ಉಳಿದವರ ವಿಷಯದಲ್ಲಿ ಹಳೆಯ ತೀರ್ಪಿನ ಕಟ್ಟಳೆ ಸಡಿಲಗೊಂಡಿಲ್ಲ. ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯವೆಂದು 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪು ಹೇಳಿದೆ. ಹೊಡೆತದ ದೂರು ಬಂದಾಗ ಆ ದೃಶ್ಯಾವಳಿಯನ್ನು ತರಿಸಿಕೊಳ್ಳುವಂತೆ ಕೇಳುವುದು ಆರೋಪಿಯ ಹಕ್ಕು.

ಮೌನದ ಹಕ್ಕು ಮತ್ತು ಸೆಲ್ವಿ ತೀರ್ಪು

ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಲ್ಲ ಎಂಬುದು ಭಾರತದ ಹಳೆಯ ನಿಯಮ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಸಿಕ್ಕರೆ, ಆ ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗಬಹುದು. 1961ರ ಕಾಥಿ ಕಾಲು ಓಘಡ್ ತೀರ್ಪಿನ ಪ್ರಕಾರ ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲ. 1978ರ ನಂದಿನಿ ಸತ್ಪತಿ ತೀರ್ಪು ಮೌನದ ಹಕ್ಕನ್ನು ನ್ಯಾಯಾಲಯದ ಕಟಕಟೆಯಿಂದ ಠಾಣೆಯವರೆಗೆ ತಂದಿತು.

2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಯಿತು. ಹಲವು ರಾಜ್ಯಗಳ ಪೊಲೀಸರು ಆರೋಪಿಗಳನ್ನು ಅಲ್ಲಿಗೆ ಕರೆತಂದರು. ಚುಚ್ಚುಮದ್ದಿನ ಅಮಲಿನಲ್ಲಿ ತೊದಲಿದ ಮಾತುಗಳ ದೃಶ್ಯಗಳು ಟಿವಿಗಳಲ್ಲಿ ಬಿತ್ತರಗೊಂಡು, ವಿಚಾರಣೆಗೆ ಮುನ್ನವೇ ಜನ ತೀರ್ಪು ಕೊಟ್ಟುಬಿಡುವ ಸ್ಥಿತಿ ಬಂತು. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ ಇದಕ್ಕೆ ತೆರೆ ಎಳೆಯಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳು ನಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ನಡೆಸುವುದು 20(3) ಮತ್ತು 21ನೇ ಅನುಚ್ಛೇದಗಳ ಉಲ್ಲಂಘನೆ. ಒಪ್ಪಿಗೆ ಇದ್ದರೂ ಅದನ್ನು ವಕೀಲರ ನೆರವಿನೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಪರೀಕ್ಷೆಯ ಫಲಿತಾಂಶ ತಾನೇ ಸಾಕ್ಷ್ಯವಾಗದು. ಮನುಷ್ಯನ ಮನಸ್ಸಿನೊಳಗೆ ಅಪ್ಪಣೆಯಿಲ್ಲದೆ ಕಾಲಿಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದನ್ನು ಸ್ಥಾಪಿಸಿದ ಈ ತೀರ್ಪು ಕರ್ನಾಟಕದ ಪ್ರಕರಣದಿಂದ ದೇಶಕ್ಕೆ ದೊರೆತ ದೊಡ್ಡ ಕೊಡುಗೆ.

ಮೊಬೈಲ್ ಪಾಸ್‌ವರ್ಡ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಭಿನ್ನ ಹಾದಿ ಹಿಡಿದಿದೆ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಪಾಸ್‌ವರ್ಡ್ ನೀಡುವುದು ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲ ಎಂದು ಅದು ಹೇಳಿತು. ಆದರೆ ಶೋಧಕ್ಕೆ ವಾರಂಟ್ ಬೇಕು, ಮಾಹಿತಿಯನ್ನು ಜೋಪಾನವಾಗಿಡಬೇಕು ಎಂಬ ಷರತ್ತುಗಳನ್ನೂ ವಿಧಿಸಿತು.

ಜಾಮೀನು

ಜಾಮೀನು ನಿಯಮ, ಜೈಲು ಅಪವಾದ ಎಂಬ ಸೂತ್ರವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1977ರ ಬಾಲ್‌ಚಂದ್ ಪ್ರಕರಣದಲ್ಲಿ ಬರೆದರು. 2022ರ ಜುಲೈ 11ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಅದನ್ನು ಮತ್ತೆ ನೆನಪಿಸಿ, ಜಾಮೀನು ಅರ್ಜಿಗಳನ್ನು ಎರಡು ವಾರದಲ್ಲಿ, ನಿರೀಕ್ಷಣಾ ಜಾಮೀನು ಅರ್ಜಿಗಳನ್ನು ಆರು ವಾರದಲ್ಲಿ ಇತ್ಯರ್ಥಪಡಿಸಬೇಕೆಂದಿತು.

ಸಂಹಿತೆಯ 187ನೇ ಕಲಂನಡಿ ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 479ನೇ ಕಲಂ ವಿಚಾರಣಾಧೀನ ಕೈದಿಗಳಿಗೆ ಮುಖ್ಯವಾದದ್ದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಗೆ ಒಳಗಾಗದವರಾದರೆ ಮೂರನೇ ಒಂದು ಭಾಗ ಕಳೆದವರನ್ನು ಬಿಡುಗಡೆಗೆ ಪರಿಗಣಿಸಬೇಕು. ಬೇರೆ ಪ್ರಕರಣಗಳೂ ಬಾಕಿ ಇರುವವರಿಗೆ ಈ ರಿಯಾಯಿತಿ ಇಲ್ಲ. ಈ ಕಲಂ ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಜಾಮೀನು ಆದೇಶ ಸಿಕ್ಕ ಮೇಲೂ ಜೈಲಿನಲ್ಲೇ ಉಳಿಯುವವರಿದ್ದಾರೆ. ಶ್ಯೂರಿಟಿ ಕೊಡುವವರು ಪಹಣಿಯನ್ನೋ ಮನೆಯ ಕಂದಾಯ ರಸೀದಿಯನ್ನೋ ತರಬೇಕು. ಜಮೀನೇ ಇಲ್ಲದವನ ಬಂಧುಬಳಗಕ್ಕೂ ಸಾಮಾನ್ಯವಾಗಿ ಜಮೀನಿರುವುದಿಲ್ಲ. 1978ರ ಮೋತಿರಾಮ್ ತೀರ್ಪು ಬಡ ಗಾರೆ ಕೆಲಸಗಾರನೊಬ್ಬನ ಪ್ರಕರಣದಲ್ಲಿ ಇಂಥ ಭಾರದ ಷರತ್ತುಗಳನ್ನು ಖಂಡಿಸಿತು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇನ್ನೂ ಮುಂದೆ ಹೋಗಿ ದಾರಿ ತೋರಿಸಿದೆ. ಜಾಮೀನು ಆದೇಶವನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಒದಗದಿದ್ದರೆ ನ್ಯಾಯಾಲಯ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬೇಕು.

ಮೈಸೂರಿನ ಟಾಡಾ ಮೊಕದ್ದಮೆಗಳು

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸಮೀಪದ ಪಾಲಾರ್‌ನಲ್ಲಿ ವೀರಪ್ಪನ್ ತಂಡ ಹೂಳಿಟ್ಟಿದ್ದ ನೆಲಬಾಂಬ್ ಸ್ಫೋಟಗೊಂಡು 22 ಮಂದಿ ಸತ್ತರು. ಸತ್ತವರಲ್ಲಿ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಇದ್ದರು. ಮುಂದಿನ ತಿಂಗಳುಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಕಾಡಂಚಿನ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಜನರನ್ನು ಟಾಡಾ ಕಾಯಿದೆಯಡಿ ಬಂಧಿಸಲಾಯಿತು. ಅವರಲ್ಲಿ ಹೆಂಗಸರೂ ಇದ್ದರು. ವಿಚಾರಣೆಗಾಗಿ ಮೈಸೂರಿನಲ್ಲಿ ವಿಶೇಷ ನ್ಯಾಯಾಲಯ ನಿಗದಿಯಾಯಿತು.

ಟಾಡಾ ಸಾಧಾರಣ ಕಾನೂನಿನ ಹಲವು ರಕ್ಷಣೆಗಳನ್ನು ಕಿತ್ತುಹಾಕಿತ್ತು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. ಜಾಮೀನು ಬಹುತೇಕ ಅಸಾಧ್ಯವಾಗಿತ್ತು. 1994ರ ಮಾರ್ಚ್ 11ರ ಕರ್ತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿದು, ತಪ್ಪೊಪ್ಪಿಗೆ ದಾಖಲಿಸುವ ಕ್ರಮಕ್ಕೆ ಕೆಲವು ನಿಬಂಧನೆ ಸೇರಿಸಿತು. 1995ರ ಮೇನಲ್ಲಿ ಕಾಯಿದೆಯ ಅವಧಿ ಮುಗಿಯಿತು, ಆದರೆ ಬಾಕಿ ಮೊಕದ್ದಮೆಗಳು ಮುಂದುವರಿದವು. ಮೈಸೂರು ಜೈಲಿನಲ್ಲಿ ಹಲವರು ವರ್ಷಗಟ್ಟಲೆ ತೀರ್ಪಿಲ್ಲದೆ ಕಾದರು. 1996ರ ಶಾಹೀನ್ ವೆಲ್‌ಫೇರ್ ಅಸೋಸಿಯೇಷನ್ ತೀರ್ಪು ಟಾಡಾ ಕೈದಿಗಳನ್ನು ಆರೋಪದ ಸ್ವರೂಪಕ್ಕೆ ತಕ್ಕಂತೆ ವಿಂಗಡಿಸಿ, ಕೃತ್ಯದಲ್ಲಿ ನೇರವಾಗಿ ಭಾಗಿಯಾಗದವರಿಗೆ ಜಾಮೀನಿನ ದಾರಿ ತೆರೆದಿತ್ತು. ಆ ದಾರಿಯ ಪ್ರಯೋಜನವೂ ಎಲ್ಲರಿಗೆ ದಕ್ಕಲಿಲ್ಲ.

2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಟಾಡಾ ಕೈದಿಗಳ ಬಿಡುಗಡೆ ಅವನ ಬೇಡಿಕೆಗಳಲ್ಲೊಂದಾಯಿತು. ರಾಜ್ಯ ಸರ್ಕಾರ ಒಪ್ಪಿತು. ವಿಶೇಷ ಸರ್ಕಾರಿ ಅಭಿಯೋಜಕರು ಟಾಡಾ ಆರೋಪಗಳನ್ನು ಹಿಂಪಡೆಯಲು ಮೈಸೂರು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು, ಅನುಮತಿಯೂ ಸಿಕ್ಕಿತು. ವೀರಪ್ಪನ್ ತಂಡದ ಗುಂಡಿಗೆ ಬಲಿಯಾಗಿದ್ದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2000ದ ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಎಸ್.ಪಿ. ಭರೂಚಾ, ಡಿ.ಪಿ. ಮಹಾಪಾತ್ರ, ವೈ.ಕೆ. ಸಭರ್ವಾಲ್ ಅವರ ಪೀಠ ಅನುಮತಿಯನ್ನು ರದ್ದುಮಾಡಿತು. ಸರ್ಕಾರ ಹೇಳಿತೆಂದು ಅಭಿಯೋಜಕರು ಅರ್ಜಿ ಹಾಕುವಂತಿಲ್ಲ, ಸ್ವಂತ ವಿವೇಚನೆ ಬಳಸಬೇಕು. ನ್ಯಾಯಾಲಯವೂ ಸಾರ್ವಜನಿಕ ಹಿತ ಸಾಧಿಸುತ್ತದೆಯೇ ಎಂದು ಪರಿಶೀಲಿಸಿಯೇ ಒಪ್ಪಬೇಕು. ರಾಜ್‌ಕುಮಾರ್ 108 ದಿನಗಳ ಸೆರೆಯ ನಂತರ ನವೆಂಬರ್ 15ರಂದು ಬಿಡುಗಡೆಯಾದರು.

ಮಗನನ್ನು ಕಳೆದುಕೊಂಡ ತಂದೆಗೆ ನ್ಯಾಯ ಕೇಳುವ ಹಕ್ಕಿತ್ತು, ಸುಪ್ರೀಂ ಕೋರ್ಟ್ ಅದನ್ನು ಗೌರವಿಸಿದ್ದು ಸರಿ. ಆದರೆ ಏಳು ವರ್ಷ ಕಂಬಿಯ ಹಿಂದೆ ಕಳೆದವರ ಬಿಡುಗಡೆ ಸಾಕ್ಷ್ಯದ ಆಧಾರದಲ್ಲಿ ಚರ್ಚೆಯಾಗುವ ಬದಲು ಅಪಹರಣಕಾರನ ಬೇಡಿಕೆಯಾಗಿ ಬಂದದ್ದು ವ್ಯವಸ್ಥೆಯ ಸೋಲು. ಕಾಲಕ್ಕೆ ಸರಿಯಾಗಿ ವಿಚಾರಣೆ ನಡೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ನೀಡಿದಾಗ ಹೆಚ್ಚಿನ ಆರೋಪಿಗಳು ಖುಲಾಸೆಯಾದರು, ಕೆಲವರಿಗೆ ಮಾತ್ರ ಶಿಕ್ಷೆಯಾಯಿತು. ಖುಲಾಸೆಯಾದವರು ಒಳಗೆ ಕಳೆದ ವರ್ಷಗಳಿಗೆ ಯಾವ ಲೆಕ್ಕವೂ ಸಿಗಲಿಲ್ಲ.

ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾದ ನಾಲ್ವರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2004ರ ಜನವರಿ 29ರಂದು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನ ಅರ್ಜಿ ಸುಮಾರು ಒಂಬತ್ತು ವರ್ಷ ಬಾಕಿ ಉಳಿದು, 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಆಗ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪು ಇವರೂ ಸೇರಿ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನ ಅರ್ಜಿಯ ವಿಪರೀತ ವಿಳಂಬ ತಾನೇ ಒಂದು ಹಿಂಸೆ ಎಂಬುದು ಇದರ ಆಧಾರ.

ಇದೇ ಕಾಲದ ಮತ್ತೊಂದು ಮುಖ, ವೀರಪ್ಪನ್ ಬೇಟೆಗಿಳಿದಿದ್ದ ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ವಿಶೇಷ ಕಾರ್ಯಪಡೆಯ ದೌರ್ಜನ್ಯದ ದೂರುಗಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು 1999ರಲ್ಲಿ ನೇಮಿಸಿತು. ಅಕ್ರಮ ಬಂಧನ, ಚಿತ್ರಹಿಂಸೆಯ ದೂರುಗಳನ್ನು ಸಮಿತಿ ಆಲಿಸಿತು. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಎರಡೂ ರಾಜ್ಯಗಳಿಗೆ ಹೇಳಿತು.

ವಕೀಲರ ನೆರವು ಮತ್ತು 2020ರ ವಿವಾದ

2020ರ ಜನವರಿ 8ರಂದು ಮಾನಸಗಂಗೋತ್ರಿಯಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಕಾಶ್ಮೀರದ ಕುರಿತ ಭಿತ್ತಿಪತ್ರ ಹಿಡಿದ ಯುವತಿಯ ಮೇಲೆ ಜಯಲಕ್ಷ್ಮೀಪುರಂ ಠಾಣೆಯಲ್ಲಿ ರಾಜದ್ರೋಹದ ಪ್ರಕರಣ ದಾಖಲಾಯಿತು. ಆಕೆಯ ಪರ ಯಾರೂ ವಕಾಲತ್ತು ಹಾಕಬಾರದೆಂದು ಮೈಸೂರು ವಕೀಲರ ಸಂಘ ನಿರ್ಣಯಿಸಿತು. ಇದನ್ನು ಒಪ್ಪದ ನೂರಕ್ಕೂ ಹೆಚ್ಚು ವಕೀಲರು ರಾಜ್ಯದ ನಾನಾ ಕಡೆಗಳಿಂದ ಮುಂದೆ ಬಂದು ವಕಾಲತ್ತಿಗೆ ಸಹಿ ಹಾಕಿದರು. ಜನವರಿ 27ರಂದು ಮೈಸೂರಿನ ಸೆಷನ್ಸ್ ನ್ಯಾಯಾಲಯ ಆಕೆಗೆ ನಿರೀಕ್ಷಣಾ ಜಾಮೀನು ನೀಡಿತು.

ಇಂಥ ನಿರ್ಣಯಗಳು ಕಾನೂನುಬಾಹಿರ ಎಂಬುದು ಆ ಹೊತ್ತಿಗಾಗಲೇ ಇತ್ಯರ್ಥವಾಗಿದ್ದ ವಿಷಯ. ಕೊಯಮತ್ತೂರು ವಕೀಲರ ಸಂಘದ ನಿರ್ಣಯವೊಂದರ ಹಿನ್ನೆಲೆಯಲ್ಲಿ 2010ರ ಡಿಸೆಂಬರ್ 6ರ ಎ.ಎಸ್. ಮೊಹಮ್ಮದ್ ರಫಿ ತೀರ್ಪು, ಆರೋಪಿಯ ಪರ ವಾದಿಸಬಾರದೆನ್ನುವ ಎಲ್ಲ ನಿರ್ಣಯಗಳೂ ಶೂನ್ಯ, ಅವು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದಿತ್ತು. ಮೈಸೂರಿನ ಘಟನೆಯ ಮರುತಿಂಗಳೇ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಇಂಥದೇ ನಿರ್ಣಯವಾದಾಗ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ನೇತೃತ್ವದ ಹೈಕೋರ್ಟ್ ಪೀಠ ಕಟುವಾಗಿ ಆಕ್ಷೇಪಿಸಿತು. ಆರೋಪಿಗಳ ಪರ ಹಾಜರಾಗುವ ವಕೀಲರಿಗೆ ಪೊಲೀಸ್ ರಕ್ಷಣೆ ಒದಗಿಸಲು ಸೂಚಿಸಿತು.

ರಾಜದ್ರೋಹದ ಕಲಂ ಕುರಿತ ಮುಂದಿನ ಬೆಳವಣಿಗೆಯೂ ಮೈಸೂರಿಗೆ ಸೇರಿದ್ದು. 124ಎ ಕಲಂ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೈಸೂರು ನಿವಾಸಿ, ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಒಬ್ಬರು. ಅವರ ಹೆಸರಿನ ಪ್ರಕರಣದಲ್ಲೇ 2022ರ ಮೇ 11ರಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಈ ಕಲಂನಡಿಯ ಬಾಕಿ ಪ್ರಕರಣಗಳನ್ನೆಲ್ಲ ತಡೆಹಿಡಿಯಿತು.

ವಕೀಲರನ್ನು ನೇಮಿಸಿಕೊಳ್ಳಲಾಗದವರಿಗಾಗಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಇದೆ. 1995ರ ನವೆಂಬರ್ 9ರಂದು ಅದು ಜಾರಿಗೆ ಬಂತು. ಅದರ 12ನೇ ಕಲಂನಡಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವ ಯಾರೇ ಆಗಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. 15100 ಸಹಾಯವಾಣಿಗೆ ಕರೆಮಾಡಿಯೂ ನೆರವು ಕೇಳಬಹುದು. ಹೆಸರಿಗೊಬ್ಬ ವಕೀಲರನ್ನು ಕೊಟ್ಟರೆ ಸಾಲದು ಎಂಬುದು 2019ರ ಅನೋಖಿಲಾಲ್ ತೀರ್ಪಿನ ತಿರುಳು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಸಾಧ್ಯತೆ ಇರುವ ಪ್ರಕರಣಗಳಲ್ಲಿ ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರೇ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದು ಅದು ಹೇಳುತ್ತದೆ.

2025ರ ಖುಲಾಸೆ

ಕೊಡಗಿನ ಆದಿವಾಸಿ ಕೂಲಿಕಾರರೊಬ್ಬರ ಹೆಂಡತಿ 2020ರ ಕೊನೆಯಲ್ಲಿ ಕಾಣೆಯಾದರು. ಗಂಡನೇ ಪೊಲೀಸರಿಗೆ ದೂರು ಕೊಟ್ಟರು. ಮುಂದೆ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಆ ಹೆಂಗಸಿನದೇ ಎಂದು ಹೇಳಿ ಪೊಲೀಸರು ಗಂಡನ ಮೇಲೆ ಕೊಲೆ ಆರೋಪ ಹೊರಿಸಿದರು. 2021ರಲ್ಲಿ ಬಂಧನವಾಯಿತು. ಜಾಮೀನು ಸಿಗುವ ಮೊದಲು ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಎಲುಬುಗಳ ಡಿಎನ್‌ಎ ವರದಿ ಹೊಂದಾಣಿಕೆಯಾಗಲಿಲ್ಲ. ಆದರೂ ವಿಚಾರಣೆ ನಿಲ್ಲಲಿಲ್ಲ.

2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯದವರ ಕಣ್ಣಿಗೆ ಬಿದ್ದರು. ಅವರನ್ನು ಮೈಸೂರಿನ 5ನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು. ನ್ಯಾಯಾಲಯ ಎಸ್‌ಪಿಯಿಂದ ವರದಿ ಕೇಳಿತು, ಅದೇ ತಿಂಗಳು ಆರೋಪಿಯನ್ನು ಖುಲಾಸೆಗೊಳಿಸಿತು, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ತನಿಖೆ ನಡೆಸಿದವರ ವಿರುದ್ಧ ಕ್ರಮಕ್ಕೂ ಸೂಚಿಸಿತು.

ಈ ಪ್ರಕರಣ ಆರೋಪಿಯ ಹಕ್ಕುಗಳ ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷೆಗೆ ಒಡ್ಡುತ್ತದೆ. ಹೊಸ ಕಾಯಿದೆಯ ಕೊರತೆಯಿಂದ ಈ ಅನ್ಯಾಯ ಆಗಲಿಲ್ಲ. ಗುರುತು ಖಚಿತವಾಗುವ ಮುನ್ನ ಬಂಧನ ಬೇಕಿತ್ತೇ ಎಂದು ರಿಮ್ಯಾಂಡ್ ಹಂತದಲ್ಲೇ ಕೇಳಬಹುದಿತ್ತು. ಡಿಎನ್‌ಎ ವರದಿ ಬಂದ ದಿನವೇ ಮೊಕದ್ದಮೆಯ ಬುಡ ಅಲುಗಬೇಕಿತ್ತು. ಸತ್ಯ ಹೊರಬಿದ್ದದ್ದು ತನಿಖೆಯಿಂದಲ್ಲ, ಆಕಸ್ಮಿಕದಿಂದ. ಅಸ್ಥಿಪಂಜರವಾಗಿ ಸಿಕ್ಕ ವ್ಯಕ್ತಿ ಯಾರೆಂಬ ಪ್ರಶ್ನೆಗೂ ಆ ತನಿಖೆ ಉತ್ತರ ಹುಡುಕಿರಲಿಲ್ಲ. ನಿರಪರಾಧಿಯನ್ನು ಹಿಡಿದಾಗ ನಿಜವಾದ ಸಂತ್ರಸ್ತರಿಗೂ ನ್ಯಾಯ ತಪ್ಪುತ್ತದೆ.

ಇಂಥವರಿಗೆ ಪರಿಹಾರದ ಕಾನೂನು ಇನ್ನೂ ದುರ್ಬಲ. ಆಧಾರವಿಲ್ಲದೆ ಬಂಧನಕ್ಕೆ ಕಾರಣರಾದವರಿಂದ ಸಂಹಿತೆಯ 399ನೇ ಕಲಂ ಕೊಡಿಸಬಲ್ಲ ಪರಿಹಾರ 1,000 ರೂಪಾಯಿ ಮೀರುವಂತಿಲ್ಲ. 1983ರ ರುದುಲ್ ಸಾಹ್ ಮತ್ತು 1993ರ ನೀಲಬತಿ ಬೆಹೆರಾ ತೀರ್ಪುಗಳ ಆಧಾರದಲ್ಲಿ ಉಚ್ಚ ನ್ಯಾಯಾಲಯಗಳು ಪರಿಹಾರ ಕೊಡಬಲ್ಲವು, ಆದರೆ ಅದಕ್ಕೆ ಮತ್ತೊಂದು ಮೊಕದ್ದಮೆಯನ್ನೇ ಹೂಡಬೇಕು. ತಪ್ಪು ಮೊಕದ್ದಮೆಗೆ ಬಲಿಯಾದವರಿಗೆ ಕಾಯಿದೆಬದ್ಧ ಪರಿಹಾರ ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಪ್ರತ್ಯೇಕ ಕಾಯಿದೆ ಬಂದಿಲ್ಲ.

ವಿಳಂಬ, ಮೇಲ್ಮನವಿ, ಶಿಕ್ಷೆ

ಕರ್ನಾಟಕದ ಪ್ರಕರಣಗಳು ಅಪರಾಧ ಕಾನೂನಿನ ಹಲವು ಅಖಿಲ ಭಾರತ ನಿಯಮಗಳಿಗೆ ಮೂಲವಾಗಿವೆ. ಮಂಗಳೂರಿನ ನೌಕರರೊಬ್ಬರ ಭ್ರಷ್ಟಾಚಾರ ಮೊಕದ್ದಮೆಯಿಂದ ಹುಟ್ಟಿದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 2002ರ ಏಪ್ರಿಲ್ 16ರಂದು, ವಿಚಾರಣೆಗೆ ಇಂತಿಷ್ಟೇ ವರ್ಷವೆಂದು ಗಡುವು ಹಾಕಲಾಗದು, ಆದರೆ ಪ್ರತಿ ಪ್ರಕರಣದಲ್ಲೂ ವಿಳಂಬದ ಕಾರಣ ತೂಗಿ ನೋಡಬೇಕು ಎಂದಿತು. 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ಸರ್ಕಾರ ತೀರ್ಪಿನ ಪ್ರಕಾರ, ಒಮ್ಮೆ ಖುಲಾಸೆಯಾದವನ ನಿರಪರಾಧಿತ್ವದ ಪೂರ್ವಭಾವನೆ ಇಮ್ಮಡಿಯಾಗುತ್ತದೆ. ಸಾಕ್ಷ್ಯದಿಂದ ಎರಡು ತೀರ್ಮಾನಗಳು ಸಾಧ್ಯವಿದ್ದರೆ ಮೇಲ್ಮನವಿ ನ್ಯಾಯಾಲಯ ಖುಲಾಸೆಯನ್ನು ಕದಲಿಸಬಾರದು.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳ ಕೊಲೆಗೆ ಸಂಬಂಧಿಸಿದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರ ಜುಲೈ 22ರಂದು ಸುಪ್ರೀಂ ಕೋರ್ಟ್, ಮರಣದಂಡನೆಗೆ ಬದಲಾಗಿ ಅವಧಿ ಕಡಿತವಿಲ್ಲದ ಜೀವಾವಧಿ ಶಿಕ್ಷೆಯೆಂಬ ನಡುದಾರಿ ತೆರೆಯಿತು. ಘೋರ ಅಪರಾಧ ಸಾಬೀತಾದ ಮೇಲೂ ಮನುಷ್ಯನ ಹಕ್ಕು ಪೂರ್ತಿ ಮುಗಿಯುವುದಿಲ್ಲ ಎಂಬುದಕ್ಕೆ ಬಿ.ಎ. ಉಮೇಶ್ ಪ್ರಕರಣ ನಿದರ್ಶನ. ಬೆಳಗಾವಿ ಜೈಲಿನಲ್ಲಿ ಕಾನೂನಿನ ಅನುಮತಿಯಿಲ್ಲದೆ ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿಟ್ಟಿದ್ದ ಕಾರಣಕ್ಕೆ 2022ರ ನವೆಂಬರ್ 4ರಂದು ಆತನ ಮರಣದಂಡನೆಯನ್ನು ಕನಿಷ್ಠ 30 ವರ್ಷ ಅನುಭವಿಸಬೇಕಾದ ಜೀವಾವಧಿ ಶಿಕ್ಷೆಗೆ ಇಳಿಸಲಾಯಿತು.

ಮೌಲ್ಯಮಾಪನ

ಮೈಸೂರಿನ ಈ ಪ್ರಕರಣಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಟಾಡಾ ಕೈದಿಗಳ ಕಾಲದಲ್ಲಿ ಶೀಘ್ರ ವಿಚಾರಣೆಯ ತೀರ್ಪು ಇತ್ತು. 2020ರಲ್ಲಿ ವಕೀಲರ ಸಂಘಗಳ ನಿರ್ಣಯ ಶೂನ್ಯವೆಂಬ ತೀರ್ಪು ಇತ್ತು. ಕೊಡಗಿನ ಕೂಲಿಕಾರನನ್ನು ಬಂಧಿಸಿದಾಗ ಡಿ.ಕೆ. ಬಸು ತೀರ್ಪಿಗೆ ಕಾಲು ಶತಮಾನ ತುಂಬುವುದರಲ್ಲಿತ್ತು. ತೀರ್ಪುಗಳು ಇದ್ದವು, ಅವುಗಳನ್ನು ಸರಿಯಾದ ದಿನ, ಸರಿಯಾದ ಮೇಜಿನ ಮೇಲೆ ಇಡುವವರು ಇರಲಿಲ್ಲ.

ಆದ್ದರಿಂದ ಸುಧಾರಣೆ ಆರಂಭವಾಗಬೇಕಾದ್ದು ಮೊದಲ 24 ಗಂಟೆಯಲ್ಲಿ. ರಿಮ್ಯಾಂಡ್‌ಗೆ ಬಂದ ಪ್ರತಿ ವ್ಯಕ್ತಿಯನ್ನೂ ಮ್ಯಾಜಿಸ್ಟ್ರೇಟರು ನೇರವಾಗಿ ಮಾತನಾಡಿಸಿ, ಬಂಧನದ ಕಾರಣ ಅವನ ಭಾಷೆಯಲ್ಲಿ ಬರಹದಲ್ಲಿ ಸಿಕ್ಕಿದೆಯೇ, ಮೈಮೇಲೆ ಗಾಯವಿದೆಯೇ, ವಕೀಲರಿದ್ದಾರೆಯೇ, ಮನೆಗೆ ಸುದ್ದಿ ತಲುಪಿದೆಯೇ ಎಂದು ಕೇಳಿ ಉತ್ತರವನ್ನು ದಾಖಲಿಸಬೇಕು. ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಚಾರ್ಜ್‌ಶೀಟ್ ಬಂದ ಮೇಲಲ್ಲ, ಆ ಮೊದಲ ದಿನವೇ ಪಕ್ಕದಲ್ಲಿರಬೇಕು. ವಿಧಿವಿಜ್ಞಾನ ವರದಿ ಆರೋಪಿಗೆ ಅನುಕೂಲಕರವಾಗಿದ್ದರೆ ಅದನ್ನು ನ್ಯಾಯಾಲಯದ ಗಮನಕ್ಕೆ ತರುವುದು ಅಭಿಯೋಜಕರ ಕರ್ತವ್ಯವೆಂದು ತಿಳಿಯಬೇಕು. ಇದಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ.

ಆರೋಪಿಯ ಹಕ್ಕು ಅಪರಾಧಿಗೆ ತೋರುವ ರಿಯಾಯಿತಿಯಲ್ಲ. ಯಾರು ಅಪರಾಧಿ ಎಂಬುದನ್ನು ತಪ್ಪಿಲ್ಲದೆ ಕಂಡುಕೊಳ್ಳಲು ಸಮಾಜ ತನಗೆ ತಾನೇ ಹಾಕಿಕೊಂಡ ಶಿಸ್ತು ಅದು. ಆ ಶಿಸ್ತು ತಪ್ಪಿದಲ್ಲಿ ಸೆರೆಯಾಳಿನ ವರ್ಷಗಳೂ ಸತ್ತವರ ನ್ಯಾಯವೂ ಒಟ್ಟಿಗೆ ಕಳೆದುಹೋಗುತ್ತವೆ ಎಂಬುದಕ್ಕೆ ಮೈಸೂರಿನ ನ್ಯಾಯಾಲಯಗಳ ದಾಖಲೆಗಳೇ ಸಾಕ್ಷಿ.